ಒಬ್ಬಳು ಊದಿದ್ದು, ಒಬ್ಬ ಸೊರಗಿದ್ದು

ಉಡುಪಿಯ ಒಂದು ಕಲ್ಯಾಣ ಮಂಟಪ. ಊಟದ ಎರಡನೇ ಪಂಕ್ತಿಗೆ ಎಲೆ ಹಾಕುವ ಹೊತ್ತು. ಕಾಪುವಿನಿಂದ ಬಂದ ಹುಡುಗಿಯನ್ನು ನೋಡಿ, ಸಂಬಂಧದಲ್ಲಿ ದೊಡ್ಡಮ್ಮನಾಗಬೇಕಾದವರು ನಾಲ್ಕು ಜನರ ಎದುರಿಗೇ ಕೇಳಿದರು: 'ಎಂಥ ಮಗಾ, ಒಂದು ವರ್ಷದಲ್ಲಿ ಹೀಗೆ ಊದಿದ್ದು? ಅಮ್ಮ ಮಾಡಿದ್ದೆಲ್ಲ ನೀನೊಬ್ಬಳೇ ತಿನ್ನುವುದಾ?' ಸುತ್ತ ಇದ್ದವರು ನಕ್ಕರು. ಹುಡುಗಿಯೂ ನಕ್ಕಳು. ಪಕ್ಕದಲ್ಲಿ ಅವಳ ಮಾವನ ಮಗ ಕುಳಿತಿದ್ದ. ಕಾರ್ಕಳದ ಕಡೆ ಹಾಸ್ಟೆಲಿನಲ್ಲಿದ್ದು ಓದುವ ಹುಡುಗ. ಅವನಿಗೆ ಸಿಕ್ಕಿದ ಪ್ರಶ್ನೆ ಬೇರೆ: 'ನಿನಗೆ ಅಲ್ಲಿ ಊಟ ಹಾಕುವುದಿಲ್ವಾ ಮಾರಾಯ? ಅಂಗಿಯನ್ನು ಕೋಲಿಗೆ ಸಿಕ್ಕಿಸಿದ ಹಾಗೆ ಕಾಣ್ತದೆ.'

ಇಬ್ಬರೂ ಎರಡನೇ ಪಿಯುಸಿ ವಿಜ್ಞಾನದವರು. ಇಬ್ಬರ ಮನೆಯಲ್ಲೂ 'ನೀಟ್' ಎಂಬ ಪರೀಕ್ಷೆಯ ಹೆಸರು ದಿನಕ್ಕೆ ಹತ್ತು ಸಲವಾದರೂ ಕೇಳಿಬರುತ್ತದೆ. 2024ರಲ್ಲಿ ಆ ಪರೀಕ್ಷೆಯನ್ನು ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಆ ವರ್ಷ ಎಂ.ಬಿ.ಬಿ.ಎಸ್. ಸೀಟುಗಳು ಒಂದೂಕಾಲು ಲಕ್ಷಕ್ಕಿಂತ ಕಡಿಮೆ ಇದ್ದವು. ಈ ಲೆಕ್ಕ ಇಬ್ಬರಿಗೂ ಬಾಯಿಪಾಠ.

ಹುಡುಗಿ ಬೆಳಿಗ್ಗೆ ಐದಕ್ಕೆ ಏಳುತ್ತಾಳೆ. ಕಾಪುವಿನಲ್ಲಿ ಬಸ್ಸು ಹತ್ತಿ ಉಡುಪಿಯಲ್ಲಿ ಟ್ಯೂಷನ್, ಅಲ್ಲಿಂದ ಕಾಲೇಜು, ಸಂಜೆ ಮತ್ತೆ ಕೋಚಿಂಗ್. ಬೆಳಗಿನ ತಿಂಡಿ ಬಸ್ಸಿನಲ್ಲಿ, ಸಂಜೆಯ ತಿಂಡಿ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಬನ್ಸ್ ಅಥವಾ ಗೋಳಿಬಜೆ. ರಾತ್ರಿ ದೀಪ ಆರುವಾಗ ಹನ್ನೆರಡೂವರೆ. ವರ್ಷದಲ್ಲಿ ಏಳು ಕಿಲೋ ಏರಿದ್ದಾಳೆ. ಹುಡುಗ ಐದು ಕಿಲೋ ಇಳಿದಿದ್ದಾನೆ. ವಾರದ ಟೆಸ್ಟಿನ ಹಿಂದಿನ ರಾತ್ರಿ ಅವನಿಗೆ ಹೊಟ್ಟೆ ತೊಳಸುತ್ತದೆ, ಅನ್ನದ ವಾಸನೆಯೇ ಆಗುವುದಿಲ್ಲ. ಮಣಿಪಾಲಕ್ಕೆ ಕರೆದುಕೊಂಡು ಹೋಗಿ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದ್ದಾಯಿತು. 'ಗಾಬರಿಪಡುವಂಥದ್ದು ಏನೂ ಇಲ್ಲ' ಎಂದು ವೈದ್ಯರು ಹೇಳಿದ್ದನ್ನು ಮನೆಯವರು 'ಏನೂ ಇಲ್ಲ' ಎಂದು ಕೇಳಿಸಿಕೊಂಡರು. ಅಲ್ಲಿಂದ ಮುಂದೆ ಹೊಟ್ಟೆನೋವು ಎಂದರೆ ನಾಟಕ ಎಂಬ ಅರ್ಥ ಬಂತು.

ಕಾಪುವಿನ ತಾಯಿ ತಿಂಡಿಯ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಕಾರ್ಕಳದ ತಾಯಿ ವಾರಕ್ಕೊಮ್ಮೆ ತುಪ್ಪದ ಉಂಡೆ ಕಟ್ಟಿ ಹಾಸ್ಟೆಲಿಗೆ ಕಳಿಸುತ್ತಾರೆ. ಇವರು ಯಾವ ಮನೆಯ ಮಕ್ಕಳೂ ಆಗಬಹುದು, ಆದ್ದರಿಂದ ಹೆಸರು ಬೇಡ. ಒಬ್ಬಳು ತಿಂದು ಕೆಟ್ಟಳು, ಒಬ್ಬ ತಿನ್ನದೆ ಕೆಟ್ಟ ಎಂದು ಮನೆಯವರು ತಿಳಿದಿದ್ದಾರೆ. ಆದರೆ ಇಬ್ಬರ ದೇಹದಲ್ಲೂ ನಡೆಯುತ್ತಿರುವುದು ಒಂದೇ ವ್ಯವಹಾರ ಇರಬಹುದು.

ಚಿಂತೆಗೂ ಮೈಗೂ ನಂಟಿದೆ ಎಂಬುದು ನಮ್ಮ ಮಾತಿಗೆ ಹೊಸತಲ್ಲ. ಮಗಳು ಕೊರಗಿ ಸೊರಗಿದಳು ಎನ್ನುತ್ತೇವೆ, ಚಿಂತೆಯಿಂದ ಕಡ್ಡಿಯಾದ ಎನ್ನುತ್ತೇವೆ. ಅಸೂಯೆಗೆ ಹೊಟ್ಟೆಕಿಚ್ಚು, ಸಂಕಟಕ್ಕೆ ಹೊಟ್ಟೆ ಉರಿ. ಆದರೆ ಚಿಂತೆಯಿಂದ ದಪ್ಪಗಾದಳು ಎಂದು ಯಾರೂ ಹೇಳುವುದಿಲ್ಲ. ದಪ್ಪಗಾದವರ ಮೇಲೆ ಸೋಮಾರಿತನ ಇಲ್ಲವೇ ಬಾಯಿಚಪಲದ ಆರೋಪವೇ ಬೀಳುತ್ತದೆ. ಈ ಅರ್ಧವನ್ನು ನಮ್ಮ ಭಾಷೆ ಗಮನಿಸದೇ ಬಿಟ್ಟಿತು. ಹಿಂದಿನ ಕಾಲದಲ್ಲಿ ಚಿಂತೆಯಿದ್ದ ಮನೆಯಲ್ಲಿ ತಿನ್ನಲು ಹೆಚ್ಚೇನೂ ಇರುತ್ತಿರಲಿಲ್ಲ ಎಂಬುದೂ ಇದಕ್ಕೆ ಕಾರಣವಿರಬಹುದು.

ತೋಟದಲ್ಲಿ ಚಿರತೆ

ಕಾರ್ಕಳ ತಾಲೂಕಿನ ಕಾಡಂಚಿನ ಊರುಗಳಲ್ಲಿ ಚಿರತೆ ಕಾಣಿಸುವುದು ಅಪರೂಪವಲ್ಲ. ಮುಸ್ಸಂಜೆ ಅಡಿಕೆ ತೋಟದ ದಾರಿಯಲ್ಲಿ ಒಬ್ಬರು ಬರುತ್ತಿದ್ದಾರೆ, ಇಪ್ಪತ್ತು ಮಾರು ದೂರದಲ್ಲಿ ಎರಡು ಕಣ್ಣು ಹೊಳೆದವು ಎಂದುಕೊಳ್ಳಿ. ಯೋಚನೆ ಆರಂಭವಾಗುವುದಕ್ಕೂ ಮೊದಲೇ ಎದೆ ಡವಡವ ಹೊಡೆಯುತ್ತದೆ, ಉಸಿರು ಬಿರುಸಾಗುತ್ತದೆ, ನಾಲಿಗೆ ಒಣಗುತ್ತದೆ, ಅಂಗೈ ಬೆವರುತ್ತದೆ. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿದಿವೆ. ಹೊಟ್ಟೆ, ಕರುಳಿಗೆ ಹೋಗಬೇಕಾದ ರಕ್ತ ಕಾಲಿನ ಸ್ನಾಯುಗಳಿಗೆ ತಿರುಗಿದೆ. ಓಡಬೇಕು ಅಥವಾ ಎದುರಿಸಬೇಕು, ದೇಹ ಎರಡಕ್ಕೂ ಸಿದ್ಧ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞ 1915ರಲ್ಲೇ ಈ ಸಿದ್ಧತೆಯನ್ನು ವಿವರವಾಗಿ ಬರೆದಿದ್ದ.

ಅಡ್ರಿನಲಿನ್ ಕ್ಷಣಗಳ ಕೆಲಸಗಾರ. ಅದರ ಹಿಂದೆಯೇ ಇನ್ನೊಂದು ಆಜ್ಞೆ ನಿಧಾನವಾಗಿ ಇಳಿಯುತ್ತದೆ. ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಪಿಟ್ಯೂಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯೂಟರಿ ಅಡ್ರೀನಲ್‌ಗೆ ಹೇಳುತ್ತದೆ, ಅಡ್ರೀನಲ್‌ನ ಹೊರಪದರ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೊರಗೆ ಬಿಡುತ್ತದೆ. ಇದು ರಕ್ತದಲ್ಲಿ ಏರಿ ಶಿಖರ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಓಡಿ ದಣಿದ ದೇಹಕ್ಕೆ ಸಕ್ಕರೆ ಒದಗಿಸುವುದು ಇದರ ಮುಖ್ಯ ಕೆಲಸ. ಯಕೃತ್ತಿನಲ್ಲಿ ಹೊಸ ಗ್ಲೂಕೋಸ್ ತಯಾರಾಗುತ್ತದೆ. ಬೇಕಾದರೆ ಸ್ನಾಯುವಿನ ಪ್ರೋಟೀನನ್ನೇ ಒಡೆದು ಅದಕ್ಕೆ ಬಳಸಲಾಗುತ್ತದೆ. ಜೀರ್ಣಕ್ರಿಯೆ, ಬೆಳವಣಿಗೆ, ಸಂತಾನಕ್ಕೆ ಸಂಬಂಧಿಸಿದ ಕೆಲಸಗಳು ಸದ್ಯಕ್ಕೆ ಬದಿಗೆ ಸರಿಯುತ್ತವೆ. ಚಿರತೆ ಎದುರಿಗಿರುವಾಗ ಎತ್ತರ ಬೆಳೆಯುವ ಅವಸರ ಯಾರಿಗೂ ಇಲ್ಲ.

ಕಾರ್ಟಿಸಾಲನ್ನು ಖಳನಾಯಕನೆಂದು ತಿಳಿಯಬೇಕಾಗಿಲ್ಲ. ಅದಿಲ್ಲದೆ ಬದುಕಲು ಸಾಧ್ಯವಿಲ್ಲ. ಪ್ರತಿದಿನ ಮುಂಜಾನೆ ನಾವು ಏಳುವ ಹೊತ್ತಿಗೆ ಅದು ತಾನಾಗಿ ಏರುತ್ತದೆ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಅಡ್ರೀನಲ್ ಹೊರಪದರದ ಈ ಬಗೆಯ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಬಂತು.

ಚಿರತೆ ಕಾಡಿಗೆ ಹೋದ ಮೇಲೆ ಒಂದು ಗಂಟೆಯಲ್ಲಿ ಎಲ್ಲ ತಣ್ಣಗಾಗುತ್ತದೆ. ಮನೆಗೆ ಬಂದು ಒಂದು ಲೋಟ ನೀರು ಕುಡಿದು ಕತೆ ಹೇಳಬಹುದು. ಆದರೆ ವಾರದ ಟೆಸ್ಟು ಕಾಡಿಗೆ ಹೋಗುವುದಿಲ್ಲ. ರ್‍ಯಾಂಕ್ ಪಟ್ಟಿ, ಫೀಸಿಗೆ ತಂದೆ ಮಾಡಿದ ಸಾಲ, ಪಕ್ಕದ ಮನೆಯವನ ಮಾರ್ಕು, ಇವು ಹಗಲು ಇರುತ್ತವೆ, ರಾತ್ರಿಯೂ ಇರುತ್ತವೆ. ದೇಹಕ್ಕೆ ಚಿರತೆಯೂ ಚಿಂತೆಯೂ ಬೇರೆ ಬೇರೆ ಎಂದು ತಿಳಿಯದು. ಎರಡಕ್ಕೂ ಅದು ಅದೇ ಗಂಟೆಯನ್ನು ಬಾರಿಸುತ್ತದೆ.

ಸೆಲ್ಯೆಯ ಇಲಿಗಳು

ನಿಲ್ಲದೆ ಬಾರಿಸುವ ಗಂಟೆ ಏನು ಮಾಡುತ್ತದೆ ಎಂಬುದು ಮೊದಲು ಕಂಡದ್ದು ಇಲಿಗಳಲ್ಲಿ. ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿದ ಹಾನ್ಸ್ ಸೆಲ್ಯೆ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿದ್ದ. ಹೊಸ ಹಾರ್ಮೋನೊಂದನ್ನು ಹುಡುಕುವ ಆಸೆಯಿಂದ ಇಲಿಗಳಿಗೆ ಅಂಡಾಶಯದ ಸಾರವನ್ನು ಚುಚ್ಚುತ್ತಿದ್ದ. ಇಲಿಗಳ ಅಡ್ರೀನಲ್ ಗ್ರಂಥಿ ಊದಿತ್ತು, ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಥೈಮಸ್ ಗ್ರಂಥಿ ಸೊರಗಿತ್ತು, ಜಠರದಲ್ಲಿ ಹುಣ್ಣು ಬಿದ್ದಿತ್ತು. ಹಾರ್ಮೋನು ಸಿಕ್ಕಿತು ಎಂದು ಹಿಗ್ಗಿದ. ಆದರೆ ಬೇರೆ ಅಂಗಗಳ ಸಾರ ಚುಚ್ಚಿದರೂ ಅದೇ ಮೂರು ಲಕ್ಷಣ, ಬರಿಯ ಫಾರ್ಮಲಿನ್ ಚುಚ್ಚಿದರೂ ಅದೇ. ಚಳಿಯಲ್ಲಿ ಇಟ್ಟರೂ, ಮಿತಿಮೀರಿ ದುಡಿಸಿದರೂ ಅದೇ. ಪಾಪ, ಹಾರ್ಮೋನಿನ ಕನಸು ಒಡೆಯಿತು. ಆದರೆ ಒಡೆದ ಕನಸಿನಿಂದಲೇ ದೊಡ್ಡದೊಂದು ಸಂಗತಿ ಹೊರಬಿತ್ತು. ಕಷ್ಟ ಯಾವುದೇ ಇರಲಿ, ದೇಹದ ಉತ್ತರ ಒಂದೇ ಮಾದರಿಯದು. 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವನು ಬರೆದ ಚಿಕ್ಕ ಪತ್ರದಲ್ಲಿ ಇದ್ದದ್ದು ಇಷ್ಟೇ. ಇಂದು ಎಲ್ಲರ ಬಾಯಲ್ಲಿರುವ 'ಸ್ಟ್ರೆಸ್' ಎಂಬ ಮಾತನ್ನು ವೈದ್ಯಶಾಸ್ತ್ರದಲ್ಲಿ ರೂಢಿಗೆ ತಂದವನೂ ಅವನೇ.

ಇಲ್ಲೊಂದು ತಿದ್ದುಪಡಿ ಹೇಳಲೇಬೇಕು. ಸೆಲ್ಯೆಯ ನಂತರ ಹಲವು ದಶಕ ಜಠರದ ಹುಣ್ಣಿಗೆಲ್ಲ ಚಿಂತೆಯೇ ಕಾರಣ ಎಂದು ಬೋಧಿಸಲಾಯಿತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದು ತಪ್ಪೆಂದರು. ಬಹುಪಾಲು ಹುಣ್ಣುಗಳ ಹಿಂದೆ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇತ್ತು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾದ ದ್ರಾವಣವನ್ನು ತಾನೇ ಕುಡಿದು ಕಾಯಿಲೆ ಬಿದ್ದ. 2005ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಆದ್ದರಿಂದ ಹೊಟ್ಟೆ ನೋಯುವ ಮಗುವಿಗೆ 'ಟೆನ್ಶನ್ ಮಾಡಬೇಡ' ಎಂದಷ್ಟೇ ಹೇಳಿ ಸುಮ್ಮನಿರುವುದೂ ತಪ್ಪು. ಮೊದಲು ವೈದ್ಯರು ನೋಡಬೇಕು. ತೂಕ ಏರಿದರೆ, ಇಳಿದರೆ, ಮುಟ್ಟು ತಪ್ಪಿದರೆ ಥೈರಾಯ್ಡ್, ಮಧುಮೇಹ, ಕ್ಷಯ, ಅಂಡಾಶಯದ ತೊಂದರೆ, ಇವು ಯಾವುದೂ ಅಲ್ಲ ಎಂದು ಖಚಿತವಾಗಬೇಕು. ಒತ್ತಡದ ಮಾತು ಬರುವುದು ಆಮೇಲೆ.

ಹಸಿವಿಗೆ ಎರಡು ದಾರಿ

ಹಾಗಾದರೆ ಒಂದೇ ಗಂಟೆ ಒಬ್ಬರನ್ನು ಊದಿಸಿ, ಇನ್ನೊಬ್ಬರನ್ನು ಒಣಗಿಸುವುದು ಹೇಗೆ?

ಹೈಪೋಥಲಾಮಸ್ ಪಿಟ್ಯೂಟರಿಗೆ ಕಳಿಸುವ ಮೊದಲ ಸಂದೇಶದ ಹಾರ್ಮೋನಿದೆಯಲ್ಲ, ಅದಕ್ಕೆ ಹಸಿವನ್ನು ಅಡಗಿಸುವ ಗುಣವಿದೆ. ಚಿರತೆಯ ಎದುರು ಯಾರಿಗೂ ಹಸಿವಾಗುವುದಿಲ್ಲ. ನಿಧಾನವಾಗಿ ಬರುವ ಕಾರ್ಟಿಸಾಲ್‌ಗೆ ಇದಕ್ಕೆ ವಿರುದ್ಧ ಗುಣ. ಖರ್ಚಾದದ್ದನ್ನು ತುಂಬಿಕೋ ಎಂದು ಅದು ಹಸಿವನ್ನು ಎಬ್ಬಿಸುತ್ತದೆ. ಭಯ ಮತ್ತೆ ಮತ್ತೆ ಹೊಸದಾಗಿ ಚುಚ್ಚುವವರಲ್ಲಿ ಮೊದಲನೆಯದರ ಕೈ ಮೇಲಾಗಬಹುದು, ಚಿಂತೆ ಒಂದೇ ಸಮನೆ ಹರಿಯುವವರಲ್ಲಿ ಎರಡನೆಯದರದು. ಹುಟ್ಟುಗುಣ, ಕೈಗೆ ಸಿಗುವ ತಿಂಡಿ, ನಿದ್ದೆ, ಇವೂ ತಕ್ಕಡಿಯನ್ನು ಅತ್ತಿತ್ತ ವಾಲಿಸುತ್ತವೆ. ಎಲ್ಲರಿಗೂ ಒಂದೇ ಸೂತ್ರ ಇಲ್ಲ.

ಕಾರ್ಟಿಸಾಲ್ ಹೆಚ್ಚಾದಾಗ ಕೊಬ್ಬು ಎಲ್ಲಿ ಸೇರುತ್ತದೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ವೈದ್ಯರ ಸಲಹೆಯ ಮೇಲೆ ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾದವರ ಮುಖ ದುಂಡಗಾಗಿ, ಹೊಟ್ಟೆ ಬಂದು, ಕೈಕಾಲು ಮಾತ್ರ ಸಣ್ಣಗೆ ಉಳಿಯುವುದನ್ನು ಅನೇಕರು ನೋಡಿರುತ್ತಾರೆ. ಆ ಮಾತ್ರೆಗಳು ಕಾರ್ಟಿಸಾಲ್‌ನ ಬಂಧುಗಳೇ. ಚಿಂತೆಯಿಂದ ಏರುವ ಕಾರ್ಟಿಸಾಲ್ ಅಷ್ಟು ದೊಡ್ಡ ಪ್ರಮಾಣದ್ದಲ್ಲ. ಆದರೆ ಅದರ ಒಲವೂ ಅದೇ ಕಡೆಗೆ, ಕರುಳಿನ ಸುತ್ತಲಿನ ಹೊಟ್ಟೆಯ ಕೊಬ್ಬಿನ ಕಡೆಗೆ.

ತಿನ್ನುವುದರಲ್ಲೂ ಒಂದು ಆಯ್ಕೆ ಇದೆ. ಚಿಂತೆಯಲ್ಲಿರುವಾಗ ಯಾರೂ ಸೌತೆಕಾಯಿ ಹುಡುಕಿಕೊಂಡು ಹೋಗುವುದಿಲ್ಲ. ಕ್ಯಾಲಿಫೋರ್ನಿಯಾದ ಮೇರಿ ಡಾಲ್ಮನ್ ಮತ್ತು ಸಂಗಡಿಗರು 2003ರಲ್ಲಿ ಬರೆದ ಲೇಖನ ಇದನ್ನೇ ಕುರಿತದ್ದು. ಒತ್ತಡದಲ್ಲಿರುವ ಇಲಿಗಳ ಮುಂದೆ ಮಾಮೂಲಿ ಆಹಾರದ ಜೊತೆಗೆ ಸಕ್ಕರೆ ಮತ್ತು ಕೊಬ್ಬು ಇಟ್ಟರೆ ಅವು ಸಕ್ಕರೆ, ಕೊಬ್ಬಿನ ಕಡೆಗೇ ಹೆಚ್ಚು ವಾಲುತ್ತವೆ. ಹಾಗೆ ತಿಂದಾಗ ಮೆದುಳಿನ ಎಚ್ಚರಿಕೆಯ ಗಂಟೆ ನಿಜಕ್ಕೂ ತುಸು ತಗ್ಗುತ್ತದೆ ಎಂಬುದು ಅವರ ವಾದ. ತಿಂದರೆ ಸಮಾಧಾನವಾಗುತ್ತದೆ ಎಂದು ಮಕ್ಕಳು ಹೇಳುವುದು ನೆಪವಲ್ಲ ಎಂದಾಯಿತು. ತುಳುವಿನಲ್ಲಿ ಹೆದರಿಕೆಗೆ 'ಪೋಡಿಗೆ', ಎಣ್ಣೆಯಲ್ಲಿ ಕರಿದ ಜೀಗುಜ್ಜೆಯ ತಿಂಡಿಗೆ 'ಪೋಡಿ'. ಎರಡು ಶಬ್ದಗಳಿಗೆ ಸಂಬಂಧವಿಲ್ಲದಿರಬಹುದು, ಪರೀಕ್ಷೆಯ ತಿಂಗಳಲ್ಲಿ ಮಾತ್ರ ಅವು ಜೊತೆಯಾಗಿಯೇ ಮನೆಗೆ ಬರುತ್ತವೆ.

ಇನ್ನು ಲೆಕ್ಕ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಹುಡುಗಿ ಗಳಿಸಿದ ಏಳು ಕಿಲೋವನ್ನು ಪೂರ್ತಿ ಕೊಬ್ಬೆಂದೇ ಹಿಡಿದರೂ ಒಟ್ಟು 53,900. ಅದನ್ನು 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 150. ಕರಿದ ಒಂದು ಬನ್ಸ್ ಅಷ್ಟು ಕೊಡುತ್ತದೆ. ಅಂದರೆ ದೊಡ್ಡಮ್ಮ ಊಹಿಸಿದ ಹಾಗೆ ಅವಳು ಮನೆಯಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸಲಿಲ್ಲ. ದಿನಕ್ಕೊಂದು ಬನ್ಸ್ ಹೆಚ್ಚಾಯಿತು, ಅರ್ಧ ಗಂಟೆಯ ಆಟ ಕಡಿಮೆಯಾಯಿತು, ಅಷ್ಟೇ. ಜೊತೆಗೆ ಇನ್ನೊಂದು ಕಡಿಮೆಯಾಯಿತು, ಅದು ನಿದ್ದೆ.

ನಿದ್ದೆಯ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಹೊಟ್ಟೆ ತುಂಬಿದೆ ಎಂದು ಮೆದುಳಿಗೆ ತಿಳಿಸುವ ಹಾರ್ಮೋನು ಲೆಪ್ಟಿನ್, 1994ರಲ್ಲಿ ಪತ್ತೆಯಾದದ್ದು. ಹಸಿದಿದೆ ಎಂದು ಹೇಳುವುದು ಗ್ರೆಲಿನ್, 1999ರಲ್ಲಿ ಜಪಾನಿನಲ್ಲಿ ಪತ್ತೆಯಾದದ್ದು. 2004ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಆರೋಗ್ಯವಂತ 12 ಯುವಕರ ಮೇಲೆ ಪರೀಕ್ಷೆ ನಡೆಯಿತು. ಎರಡು ರಾತ್ರಿ ಹಾಸಿಗೆಯಲ್ಲಿ ನಾಲ್ಕೇ ಗಂಟೆ, ಇನ್ನೊಮ್ಮೆ ಎರಡು ರಾತ್ರಿ ಹತ್ತು ಗಂಟೆ. ನಿದ್ದೆ ಕಡಿಮೆಯಾದಾಗ ಲೆಪ್ಟಿನ್ ಶೇಕಡಾ 18ರಷ್ಟು ಇಳಿಯಿತು, ಗ್ರೆಲಿನ್ ಶೇಕಡಾ 28ರಷ್ಟು ಏರಿತು, ಹಸಿವು ಶೇಕಡಾ 24ರಷ್ಟು ಹೆಚ್ಚಾಯಿತು. ಆಸೆಯಾದದ್ದು ಸಿಹಿ, ಉಪ್ಪುತಿಂಡಿ, ಪಿಷ್ಟದ ಪದಾರ್ಥಗಳ ಮೇಲೆ. ಎರಡೇ ರಾತ್ರಿಗೆ ಇಷ್ಟು. ಹನ್ನೆರಡೂವರೆಗೆ ಮಲಗಿ ಐದಕ್ಕೆ ಏಳುವ ಹುಡುಗಿಗೆ ಎರಡು ವರ್ಷದಲ್ಲಿ ಇಂಥ ರಾತ್ರಿ ಎಷ್ಟು ಎಂಬುದನ್ನು ಅಪ್ಪ ಅಮ್ಮ ಎಣಿಸಬಹುದು.

ಬೆಂಗಳೂರಿನಲ್ಲಿ ಕಂಡದ್ದು

ನಮ್ಮ ರಾಜ್ಯದಲ್ಲೇ ನಡೆದ ಒಂದು ಸಂಶೋಧನೆ ಈ ವಿಷಯದಲ್ಲಿ ಜಗತ್ತಿನ ಗಮನ ಸೆಳೆಯಿತು. ಬೆಂಗಳೂರಿನ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ, ಅಂದರೆ ಎನ್.ಸಿ.ಬಿ.ಎಸ್.ನಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆ ಸೇರಿ ಮಾಡಿದ ಕೆಲಸ ಅದು, 2002ರಲ್ಲಿ ಪ್ರಕಟವಾಯಿತು. ಇಲಿಗಳನ್ನು ದಿನಕ್ಕೆ ಎರಡು ಗಂಟೆ ಅಲುಗಾಡಲು ಬಿಡದಂತೆ ಹಿಡಿದಿಟ್ಟರು, ಹೀಗೆ ಹತ್ತು ದಿನ. ನೋವಿಲ್ಲ, ಗಾಯವಿಲ್ಲ, ತಪ್ಪಿಸಿಕೊಳ್ಳಲಾಗದ ಸ್ಥಿತಿ ಮಾತ್ರ. ಆಮೇಲೆ ಮೆದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು.

ನರಕೋಶಕ್ಕೆ ಮರದ ಕೊಂಬೆಗಳಂಥ ಕವಲುಗಳಿರುತ್ತವೆ. ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಆ ಕವಲುಗಳು ಮುದುಡಿದ್ದವು. ಅಮಿಗ್ಡಲ ಎಂಬ ಭಾಗದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಅವು ಇನ್ನಷ್ಟು ಹಬ್ಬಿದ್ದವು. ಹಿಪ್ಪೊಕ್ಯಾಂಪಸ್ ನೆನಪಿನ ಮನೆ. ಕಾರ್ಟಿಸಾಲ್ ಸಾಕು, ಇನ್ನು ನಿಲ್ಲಿಸು ಎಂದು ಹೈಪೋಥಲಾಮಸ್‌ಗೆ ಹೇಳುವ ಜವಾಬ್ದಾರಿಯಲ್ಲಿ ದೊಡ್ಡ ಪಾಲೂ ಅದರದೇ. ಅಮಿಗ್ಡಲ ಹೆದರಿಕೆಯ ಮನೆ, ಗಂಟೆ ಬಾರಿಸು ಎಂದು ಹೇಳುವುದು ಅದು. ಗಂಟೆ ಬಹಳ ದಿನ ಬಾರಿಸಿದರೆ ನಿಲ್ಲಿಸುವ ಕೈ ಸೊರಗುತ್ತದೆ, ಬಾರಿಸುವ ಕೈ ಬಲಿಯುತ್ತದೆ. ನಂತರದ ದಿನಗಳಲ್ಲಿ ಸಣ್ಣ ಕಾರಣಕ್ಕೂ ಎದೆ ಹೊಡೆದುಕೊಳ್ಳುವುದು, ಸುಮ್ಮನೆ ಕುಳಿತರೂ ಮೈ ಬಿಗಿದಿರುವುದು ಯಾಕೆ ಎಂಬುದಕ್ಕೆ ಇಲ್ಲೊಂದು ಸುಳಿವು ಇದೆ.

ಅದೇ ತಂಡ 2004ರಲ್ಲಿ ಪ್ರಕಟಿಸಿದ ಇನ್ನೊಂದು ಫಲಿತಾಂಶ ಪೋಷಕರು ಎರಡು ಸಲ ಓದಬೇಕಾದದ್ದು. ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟಾಗ ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲ ಚೇತರಿಸಿಕೊಳ್ಳಲಿಲ್ಲ, ಇಲಿಗಳ ಅಂಜುಬುರುಕುತನವೂ ಹೋಗಲಿಲ್ಲ. 'ಎರಡು ವರ್ಷ ಕಷ್ಟಪಡು, ಆಮೇಲೆ ಜೀವನಪೂರ್ತಿ ಆರಾಮ' ಎಂದು ಮನೆಮನೆಯಲ್ಲಿ ಹೇಳುವ ಮಾತಿನ ಮುಂದೆ ಈ 21 ದಿನವನ್ನು ಇಟ್ಟು ನೋಡಬೇಕು. ಇಲಿಯ ಮೆದುಳಿನಿಂದ ಮಕ್ಕಳ ಮೆದುಳಿಗೆ ನೇರವಾಗಿ ಜಿಗಿಯಬಾರದು, ನಿಜ. ಆದರೂ ನೆನಪಿನ ಶಕ್ತಿ ಹೆಚ್ಚಲಿ ಎಂದು ಹೇರುವ ಶಿಸ್ತು ನೆನಪಿನ ಮನೆಯ ಗೋಡೆಗೇ ತಗಲುತ್ತಿದ್ದರೆ ಅದು ಯಾವ ಲಾಭದ ವ್ಯಾಪಾರ?

ತೂಕ ಒಂದೇ ಅಲ್ಲ

ತೂಕ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಕಾಣದ್ದು ಬೇರೆಯೂ ಇದೆ. ಪರೀಕ್ಷೆ ಹತ್ತಿರ ಬರುವಾಗಲೇ ಶೀತ, ಜ್ವರ ಯಾಕೆ ಎಂದು ತಾಯಂದಿರು ಕೇಳುವುದಿದೆ. 1991ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ 394 ಆರೋಗ್ಯವಂತರ ಮೂಗಿಗೆ ಶೀತದ ವೈರಸ್ಸಿನ ಹನಿ ಹಾಕಿ ಕಾದರು. ಬದುಕಿನಲ್ಲಿ ಒತ್ತಡ ಅತಿ ಕಡಿಮೆ ಇದ್ದವರಲ್ಲಿ ಶೇಕಡಾ 27ರಷ್ಟು ಮಂದಿಗೆ ಶೀತ ಹಿಡಿಯಿತು, ಅತಿ ಹೆಚ್ಚು ಇದ್ದವರಲ್ಲಿ ಶೇಕಡಾ 47ರಷ್ಟು ಮಂದಿಗೆ.

ಮಣಿಪಾಲದಲ್ಲಿ ದಂತವೈದ್ಯ ಕಲಿಯುವವರಿಗೆ 1998ರ ಇನ್ನೊಂದು ಪರೀಕ್ಷೆ ಇಷ್ಟವಾದೀತು. ಅಮೆರಿಕದ ಒಹಾಯೊದಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಅಂಗುಳಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು, ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಯ ಹೊತ್ತಿನಲ್ಲಿ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ ಹೆಚ್ಚು ಬೇಕಾಯಿತು. ಹನ್ನೊಂದು ಜನರಲ್ಲಿ ಒಬ್ಬರಿಗೂ ರಜೆಯಲ್ಲಿ ಮಾಯ್ದಷ್ಟು ಬೇಗ ಮಾಯಲಿಲ್ಲ. ಗಾಯ ಅದೇ, ಬಾಯಿ ಅದೇ, ವಯಸ್ಸೂ ಅದೇ.

ಹೆಣ್ಣುಮಕ್ಕಳಲ್ಲಿ ಮುಟ್ಟು ಹಿಂದುಮುಂದಾಗುವುದು, ನಿಂತೇ ಹೋಗುವುದು ಕೂಡ ಇದೇ ಗಂಟೆಯ ಕೆಲಸವಿರಬಹುದು. ಅಪಾಯದ ಕಾಲದಲ್ಲಿ ಸಂತಾನದ ವ್ಯವಸ್ಥೆಗೆ ದೇಹ ಬೀಗ ಹಾಕುತ್ತದೆ. ನಾಚಿಕೆಯಿಂದ ಇದನ್ನು ಹೇಳದೆ ಪರೀಕ್ಷೆ ಮುಗಿಯಲಿ ಎಂದು ಕಾಯುವವರಿದ್ದಾರೆ. ಕಾಯಬಾರದು.

ಅಪ್ಪ ಅಮ್ಮನ ವಿಷಯ ಇಲ್ಲಿ ಬಿಟ್ಟರೆ ಅನ್ಯಾಯವಾದೀತು. ಕಾಪುವಿನ ಆ ಹುಡುಗಿಯ ತಂದೆಯ ದುಡಿಮೆ ದೋಣಿಯಲ್ಲಿ ಎಂದುಕೊಳ್ಳಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಾಲೇಜಿನ ಫೀಸು ಕಟ್ಟುವುದೂ ಅದೇ ತಿಂಗಳಲ್ಲಿ. ಕಾರ್ಕಳದ ಹುಡುಗನ ತಾಯಿ ಬೀಡಿ ಕಟ್ಟಿ ಸಂಸಾರ ತೂಗಿಸುವವರಿರಬಹುದು. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನದಲ್ಲಿ, ತೀರ ಕೆಳಗಿನ ದರ್ಜೆಯವರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರ ಪೂರ್ತಿ ಅಳಿಯಲಿಲ್ಲ. ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ಸ್ಥಿತಿ ಮೈಗೆ ತಗಲುವ ಬಗೆಯೇ ಬೇರೆ.

ಅದೂ ಅಲ್ಲದೆ ನಮ್ಮವರ ದೇಹಕ್ಕೆ ಒಂದು ವಿಶೇಷವಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮ ಬ್ರಿಟಿಷ್ ಮಿತ್ರ ಡಾ. ಜಾನ್ ಯಡ್ಕಿನ್ ಜೊತೆ ನಿಂತ ಚಿತ್ರವೊಂದು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿ ಕೊಬ್ಬಿನ ಪಾಲು ಯಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ 21.2. ಅಂದರೆ ಭಾರತೀಯರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೊತ್ತಿರಬಹುದು. ಬೆಳೆದವರು ತೂಕದ ಯಂತ್ರಕ್ಕಿಂತ ದರ್ಜಿಯ ಟೇಪನ್ನು ನಂಬುವುದು ಮೇಲು. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು. ಮಕ್ಕಳಿಗೆ ಈ ಅಳತೆ ಹಚ್ಚಬಾರದು, ಅವರ ಲೆಕ್ಕವೇ ಬೇರೆ.

ಮನೆಯಲ್ಲಿ ಏನು ಮಾಡಬಹುದು

ಪರೀಕ್ಷೆಯನ್ನು ಯಾರೂ ತೆಗೆದುಹಾಕಲಾರರು. ಆದರೆ ಗಂಟೆಗೆ ಬಿಡುವು ಕೊಡಬಹುದು. ಮೊದಲನೆಯದು ನಿದ್ದೆ. ಹದಿಹರೆಯದವರಿಗೆ ಎಂಟು ಗಂಟೆಯಾದರೂ ಬೇಕು. ಬೆಳಗಿನ ಟ್ಯೂಷನ್ ಮತ್ತು ಸಂಜೆಯ ಕೋಚಿಂಗ್ ಎರಡೂ ಬೇಕೇ ಎಂದು ಕಾಪುವಿನ ಮನೆಯವರು ಒಮ್ಮೆ ಕೂತು ಲೆಕ್ಕ ಹಾಕಿದರೆ, ಒಂದನ್ನು ಬಿಟ್ಟರೆ ಉಳಿಯುವ ಹೊತ್ತು ಬಸ್ಸಿನ ಸಮಯ ಸೇರಿ ಎರಡು ಗಂಟೆಗೆ ಕಡಿಮೆಯಿರದು. ಕಲಿತದ್ದು ಮೆದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ ಎಂಬುದು ಈಗ ಚೆನ್ನಾಗಿ ತಿಳಿದ ವಿಷಯ.

ಎರಡನೆಯದು ನಡಿಗೆ. ಗಂಟೆ ಬಾರಿಸಿದಾಗ ರಕ್ತಕ್ಕೆ ಬಂದ ಸಕ್ಕರೆ ಓಡುವುದಕ್ಕೆಂದೇ ಬಂದದ್ದು. ಓಡದೆ ಕುರ್ಚಿಯಲ್ಲಿ ಕುಳಿತರೆ ಅದು ಎಲ್ಲಿಗೆ ಹೋಗಬೇಕು? ಕಾಪುವಿನಲ್ಲಿ 1901ರ ದೀಪಸ್ತಂಭದ ಬುಡದಲ್ಲಿ ಅಷ್ಟು ಉದ್ದದ ಮರಳ ದಂಡೆ ಇದೆ. ಕಾರ್ಕಳದಲ್ಲಿ ಆನೆಕೆರೆ, ರಾಮಸಮುದ್ರ ಇವೆ. ಮಣಿಪಾಲದಲ್ಲಿ ಮಣ್ಣಪಳ್ಳದ ಸುತ್ತ ದಾರಿಯಿದೆ. ದಿನಕ್ಕೆ ಅರ್ಧ ಗಂಟೆ ಸಾಕು. ಕಿವಿಗೆ ಮೊಬೈಲಿನ ಪಾಠ ಸಿಕ್ಕಿಸಿಕೊಂಡು ನಡೆದರೆ ಅದು ನಡಿಗೆಯಲ್ಲ, ಇನ್ನೊಂದು ಕ್ಲಾಸು.

ಊಟದ ವಿಷಯದಲ್ಲಿ ಡಬ್ಬಿಯನ್ನು ಅಟ್ಟಕ್ಕೆ ಏರಿಸುವುದರಿಂದ ಪ್ರಯೋಜನವಿಲ್ಲ. ಮಕ್ಕಳು ಅದನ್ನು ಬಸ್ ನಿಲ್ದಾಣದಲ್ಲಿ ಹುಡುಕಿಕೊಳ್ಳುತ್ತಾರೆ. ಬೆಳಿಗ್ಗೆ ಹೊಟ್ಟೆ ತುಂಬ ಕುಚ್ಚಲಕ್ಕಿ ಗಂಜಿಯೋ, ಚಟ್ನಿಯ ಜೊತೆ ನೀರುದೋಸೆಯೋ ತಿಂದು ಹೊರಟವಳಿಗೆ ಸಂಜೆ ಐದಕ್ಕೆ ಬನ್ಸ್ ಅಷ್ಟು ಗಟ್ಟಿಯಾಗಿ ಕೂಗುವುದಿಲ್ಲ. ಅನ್ನ ಸೇರದ ಹುಡುಗನಿಗೆ ತುಪ್ಪದ ಉಂಡೆಗಿಂತ, ಟೆಸ್ಟಿನ ಹಿಂದಿನ ರಾತ್ರಿ ಮನೆಗೆ ಫೋನ್ ಮಾಡಿದಾಗ ಮಾರ್ಕಿನ ಸುದ್ದಿ ತೆಗೆಯದ ತಾಯಿ ಹೆಚ್ಚು ಕೆಲಸಕ್ಕೆ ಬರುತ್ತಾಳೆ. ನಾಲ್ಕು ಜನರ ಎದುರು ತೂಕದ ಮಾತು ಆಡುವ ಬಂಧುಗಳಿಗೆ ಹಿರಿಯರೊಬ್ಬರು ಮೆಲ್ಲಗೆ ಹೇಳಬೇಕು. ಆ ನಗೆಚಾಟಿಕೆಯೂ ಒಂದು ಚಿರತೆಯೇ, ಮಕ್ಕಳು ನಕ್ಕರೂ ಅವರ ಅಡ್ರೀನಲ್ ನಗುವುದಿಲ್ಲ.

ಇಷ್ಟರಿಂದ ಹಗುರಾಗದಿದ್ದರೆ, ಎರಡು ವಾರಕ್ಕೂ ಮೀರಿ ನಿದ್ದೆಯೋ ಹಸಿವೋ ಹೋದರೆ, ಬದುಕಿ ಏನಾಗಬೇಕು ಎಂಬಂಥ ಮಾತು ಒಂದು ಸಲ ಬಂದರೂ, ಮನೋವೈದ್ಯರನ್ನು ಕಾಣಲು ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಭಾಗವಿದೆ, ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ. ಮನೆಯಿಂದಲೇ ಮಾತಾಡಬೇಕೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಇದೆ. ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೂ ಮಾತನಾಡುತ್ತಾರೆ.

ಕರಾವಳಿಯ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲ ನವೆಂಬರಿನಿಂದ ಮೇ ತಿಂಗಳ ನಡುವೆ. ಓದಿನ ಕಾವು ಏರುವುದೂ ಅದೇ ತಿಂಗಳುಗಳಲ್ಲಿ. ಪಿಯುಸಿ ಎಂದರೆ ಎರಡು ವರ್ಷ ಆಟ ನೋಡುವಂತಿಲ್ಲ ಎಂಬುದು ಅನೇಕ ಮನೆಗಳ ಕಾನೂನು. ಹಿಂದೆ ಆಟವೆಂದರೆ ಬೆಳಗಿನವರೆಗೆ, ನಿದ್ದೆಯ ಲೆಕ್ಕದಲ್ಲಿ ಕಾನೂನು ಸರಿಯೇ ಇತ್ತು. ಈಗ ಅನೇಕ ಮೇಳಗಳು ಕಾಲಮಿತಿಯ ಪ್ರದರ್ಶನ ಕೊಡುತ್ತವೆ. ಸಂಜೆ ಚೌಕಿಪೂಜೆಯಾಗಿ, ನಡುರಾತ್ರಿಯ ಮೊದಲೇ ಮಂಗಳ ಹಾಡುತ್ತಾರೆ. ಕಾರ್ಕಳದ ಹುಡುಗ ಊರಿಗೆ ಬಂದ ಶನಿವಾರ ಹತ್ತಿರದ ಬಯಲಿನಲ್ಲಿ ಅಂಥದೊಂದು ಆಟವಿದ್ದರೆ, ಅಪ್ಪನೇ ಕರೆದುಕೊಂಡು ಹೋಗಬಹುದು. ಮರುದಿನ ಭಾನುವಾರ, ಎಂಟು ಗಂಟೆಯವರೆಗೆ ಯಾರೂ ಅವನನ್ನು ಎಬ್ಬಿಸದಿದ್ದರೆ ಸರಿ.